ಗರುಡ ಇಳಿಯಿತು, ಸುರುಳಿ ಬಿಚ್ಚಲಿಲ್ಲ

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿಯ ಹೊಲದಲ್ಲಿ ವಿಮಾನವೊಂದು ಬಿತ್ತು. ಸುತ್ತಲಿನ ಊರುಗಳ ಜನ ಅಲ್ಲಿಗೆ ಓಡಿದರು. ಒಳಗೆ ಪೈಲಟ್ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅದು ಡಿಆರ್‌ಡಿಒ ಪರೀಕ್ಷಿಸುತ್ತಿದ್ದ ರುಸ್ತುಂ-2, ಮೇಲಿಂದ ನೆಲ ನೋಡಲೆಂದೇ ಕಟ್ಟಿದ ಮಾನವರಹಿತ ವಿಮಾನ. ಮುರಿದು ಬಿದ್ದದ್ದರ ಸುತ್ತ ನಿಂತವರು ಮೊಬೈಲ್ ತೆಗೆದು ಫೋಟೊ ಹಿಡಿದರು. ಊರನ್ನು ನೋಡಬೇಕಿದ್ದ ಯಂತ್ರವನ್ನು ಅವತ್ತು ಊರೇ ನೋಡಿತು.

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಜಗಳೂರು ದಾಟಿ ಪೂರ್ವಕ್ಕೆ ಹೋದರೆ ನಾಯಕನಹಟ್ಟಿ ಸೀಮೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರು ತಾಲ್ಲೂಕೂ ಚಿತ್ರದುರ್ಗಕ್ಕೇ ಸೇರಿತ್ತು. ಜಿಲ್ಲೆಯ ಗಡಿ ಸರಿದರೂ ಮಳೆ ಬಾರದ ಆಕಾಶ ಎರಡೂ ಕಡೆ ಒಂದೇ. ಆ ಆಕಾಶಕ್ಕೆ ಈಗ ಹೊಸ ಕೆಲಸ ಬಂದಿದೆ. ಚಳ್ಳಕೆರೆಯ ಕಾವಲಿನಲ್ಲಿ 4,290 ಎಕರೆಯ ವೈಮಾನಿಕ ಪರೀಕ್ಷಾ ವಲಯವಿದೆ, 2017ರ ಮೇ 28ರಂದು ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಅದನ್ನು ಉದ್ಘಾಟಿಸಿದರು. ರುಸ್ತುಂ-2 ಮೊದಲ ಸಲ ಹಾರಿದ್ದು ಅಲ್ಲಿಂದ, 2016ರ ನವೆಂಬರಿನಲ್ಲಿ. ಆಮೇಲೆ ಅದಕ್ಕೆ ತಪಸ್ ಎಂದು ಹೆಸರಾಯಿತು. 2022ರ ಜುಲೈ 1ರಂದು ಬಾಲವಿಲ್ಲದ, ಬರೀ ರೆಕ್ಕೆಯಂತಿರುವ ಸ್ವಯಂಚಾಲಿತ ವಿಮಾನವೊಂದು ಅಲ್ಲಿ ಹಾರಿ ಇಳಿಯಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಮೇಲಿಂದ ಬಿಟ್ಟಾಗ ಅದು ತಾನೇ ದಾರಿ ಹುಡುಕಿ ಅದೇ ರನ್‌ವೇಗೆ ಬಂದಿತು.

ಈ ಯಂತ್ರಗಳಿಗೆ ಒಂದು ವಂಶಾವಳಿ ಇದೆ. ಅದರಲ್ಲಿ ತಪಸ್‌ಗೆ ಅಜ್ಜನಂತಿರುವುದು ಭಾರತೀಯ ವಾಯುಪಡೆ ‘ಗರುಡ’ ಎಂದು ಕರೆದ ಮಿಗ್-25. 1981ರಿಂದ 2006ರವರೆಗೆ, ಕಾಲು ಶತಮಾನ, ಉತ್ತರ ಪ್ರದೇಶದ ಬರೇಲಿ ನೆಲೆಯಿಂದ ಅದು ಹಾರಿತು. 102ನೇ ಸ್ಕ್ವಾಡ್ರನ್ ಅದನ್ನು ನಡೆಸಿತು, ಶಬ್ದದ ಮೂರು ಪಟ್ಟು ವೇಗವನ್ನು ನೆನೆದು ಆ ತುಕಡಿಗೆ ‘ಟ್ರೈಸಾನಿಕ್ಸ್’ ಎಂದೇ ಹೆಸರು. ಇದ್ದ ವಿಮಾನಗಳು ಬೆರಳೆಣಿಕೆಯಷ್ಟು. ಅದು ಬಾಂಬು ಹಾಕಲು ಬಂದದ್ದಲ್ಲ, ಯುದ್ಧ ವಿಮಾನದೊಡನೆ ಕಾದಾಡಲು ಬಂದದ್ದೂ ಅಲ್ಲ. ನೋಡುವುದೊಂದೇ ಅದರ ಕಸುಬು.

ಆ ವೇಗವನ್ನು ಇಲ್ಲಿನ ದಾರಿಯಲ್ಲಿ ಅಳೆದರೆ ಬೇಗ ತಿಳಿಯುತ್ತದೆ. ಗಂಟೆಗೆ 3,000 ಕಿ.ಮೀ. ಎಂದರೆ ನಿಮಿಷಕ್ಕೆ 50 ಕಿ.ಮೀ. ದಾವಣಗೆರೆ ಬಸ್ ನಿಲ್ದಾಣ ಬಿಟ್ಟ ಬಸ್ಸು ಊರಿನ ಕೊನೆಯ ಸಿಗ್ನಲ್ ದಾಟುವುದರೊಳಗೆ ಮಿಗ್-25 ಬಿಳಿಚೋಡನ್ನೂ ಜಗಳೂರನ್ನೂ ಹಿಂದೆ ಹಾಕಿರುತ್ತಿತ್ತು. ಅದೂ 65,000 ಅಡಿ ಎತ್ತರದಲ್ಲಿ, ಪ್ರಯಾಣಿಕ ವಿಮಾನಗಳು ಹಾರುವ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲೆ. ಅಲ್ಲಿ ಹಗಲಲ್ಲೂ ಆಕಾಶ ಕಪ್ಪಾಗುತ್ತ ಹೋಗುತ್ತದೆ, ಭೂಮಿಯ ಅಂಚು ಬಾಗಿದ್ದು ಕಾಣುತ್ತದೆ. ಗಗನಯಾತ್ರಿಗಳ ಉಡುಪಿನಂಥ ಒತ್ತಡದ ಉಡುಪು ತೊಡದೆ ಪೈಲಟ್ ಅಲ್ಲಿ ಬದುಕಲಾರ.

ಇಂಥ ವಿಮಾನ ಹುಟ್ಟಿದ್ದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಪೈಪೋಟಿಯಲ್ಲಿ. 1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಅಮೆರಿಕದ ಯು-2 ಗೂಢಚಾರ ವಿಮಾನವನ್ನು ಕ್ಷಿಪಣಿ ಕೆಡವಿತು, ಪೈಲಟ್ ಗ್ಯಾರಿ ಪವರ್ಸ್ ಸೆರೆ ಸಿಕ್ಕ. ಎತ್ತರವೊಂದೇ ಕಾಯುವುದಿಲ್ಲ, ವೇಗವೂ ಬೇಕು ಎಂಬುದು ಅಂದು ಎಲ್ಲರಿಗೂ ಖಚಿತವಾಯಿತು. 1964ರ ಮಾರ್ಚ್ 6ರಂದು ಮಿಗ್-25ರ ವೀಕ್ಷಣಾ ಮಾದರಿ ಮೊದಲು ಹಾರಿತು. ಅದೇ ವರ್ಷ ಡಿಸೆಂಬರ್ 22ರಂದು ಅಮೆರಿಕದ ಎಸ್‌ಆರ್-71 ಹಾರಿತು, ಜಗತ್ತು ‘ಬ್ಲ್ಯಾಕ್‌ಬರ್ಡ್’ ಎಂದು ಕರೆದದ್ದು ಅದನ್ನೇ. ಒಂದೇ ವರ್ಷದ ಎರಡು ಮಕ್ಕಳು.

ಎರಡರ ಸ್ವಭಾವ ಮಾತ್ರ ಬೇರೆ ಬೇರೆ. ಗಾಳಿಯ ತಿಕ್ಕಾಟದಿಂದ ಮೈ ಕಾದು ಅಲ್ಯೂಮಿನಿಯಂ ಮೆತ್ತಗಾಗುವ ವೇಗವದು. ಅಮೆರಿಕದ ಲಾಕ್‌ಹೀಡ್ ಕಂಪನಿಯ ಕೆಲ್ಲಿ ಜಾನ್ಸನ್ ತಂಡ ಟೈಟಾನಿಯಂ ಹಿಡಿಯಿತು, ಆ ಲೋಹವನ್ನು ಪಳಗಿಸುವುದನ್ನು ಮೊದಲಿನಿಂದ ಕಲಿಯಿತು. ಬೇಸಿಗೆಯಲ್ಲಿ ಬೆಸೆದ ಬಿಡಿಭಾಗಗಳು ಬೇಗ ಹಾಳಾಗುತ್ತವೆ, ಚಳಿಗಾಲದವು ಬಾಳುತ್ತವೆ, ಏಕೆ ಎಂದು ಹುಡುಕಿದಾಗ ಸಿಕ್ಕಿದ್ದು ನಲ್ಲಿ ನೀರು. ಬೇಸಿಗೆಯಲ್ಲಿ ನಗರಸಭೆ ನೀರಿಗೆ ಹೆಚ್ಚು ಕ್ಲೋರಿನ್ ಬೆರೆಸುತ್ತಿತ್ತು, ಆ ನೀರಿನಲ್ಲಿ ತೊಳೆದ ಲೋಹ ಕೆಡುತ್ತಿತ್ತು. ಅಂದಿನಿಂದ ಬಟ್ಟಿ ಇಳಿಸಿದ ನೀರಿನಲ್ಲೇ ತೊಳೆದರು. ಸೋವಿಯತ್ ವಿನ್ಯಾಸಕರು ಬೇರೆ ದಾರಿ ಹಿಡಿದರು. ಅವರು ಬಹುಪಾಲು ನಿಕ್ಕಲ್ ಉಕ್ಕಿನಲ್ಲೇ ವಿಮಾನ ಕಟ್ಟಿದರು. ಅದು ಭಾರ, ಆದರೆ ಬೆಸೆಯಲು ಸುಲಭ, ಬಯಲಿನಲ್ಲೂ ರಿಪೇರಿ ಆಗುವಂಥದ್ದು. 1976ರ ಸೆಪ್ಟೆಂಬರಿನಲ್ಲಿ ಪೈಲಟ್ ವಿಕ್ಟರ್ ಬೆಲೆಂಕೊ ಒಂದು ಮಿಗ್-25ರೊಂದಿಗೆ ಜಪಾನಿನ ಹಾಕೊಡಾಟೆಗೆ ಬಂದಿಳಿದಾಗ ಪಾಶ್ಚಾತ್ಯ ತಜ್ಞರು ಅದನ್ನು ಬಿಚ್ಚಿ ನೋಡಿದರು. ಗಾಳಿಗೆ ಅಡ್ಡಿಯಾಗದ ಕಡೆ ರಿವೆಟ್‌ಗಳ ತಲೆಯನ್ನು ನುಣುಪು ಮಾಡುವ ಗೋಜಿಗೇ ಅವರು ಹೋಗಿರಲಿಲ್ಲ. ಬೇಕಾದಲ್ಲಿ ನಾಜೂಕು, ಬೇಡವಾದಲ್ಲಿ ಉಳಿತಾಯ. ಬಡಗಿಯಾಗಲಿ ಕಮ್ಮಾರನಾಗಲಿ ಈ ಬುದ್ಧಿಯನ್ನು ಕಂಡು ತಲೆದೂಗುತ್ತಾನೆ.

ದಾಖಲೆಗಳ ಲೆಕ್ಕದಲ್ಲಿ ಇಬ್ಬರೂ ಬಿಟ್ಟುಕೊಡಲಿಲ್ಲ. ಎಸ್‌ಆರ್-71 1976ರ ಜುಲೈ 28ರಂದು ಗಂಟೆಗೆ 3,529 ಕಿ.ಮೀ. ವೇಗ ಮುಟ್ಟಿತು. ಮಿಗ್-25ರ ಮಾರ್ಪಡಿಸಿದ ವಿಮಾನದಲ್ಲಿ ಅಲೆಕ್ಸಾಂಡರ್ ಫೆದೊತೊವ್ 1977ರ ಆಗಸ್ಟ್ 31ರಂದು 37,650 ಮೀಟರ್ ಎತ್ತರಕ್ಕೆ ಏರಿದರು. ಬ್ಲ್ಯಾಕ್‌ಬರ್ಡ್‌ಗಳಲ್ಲಿ ಕಟ್ಟಿದ್ದು 32, ಅಪಘಾತದಲ್ಲಿ ಹೋದದ್ದು 12, ಶತ್ರುವಿನ ಗುಂಡಿಗೆ ಒಂದೂ ಬೀಳಲಿಲ್ಲ. 1990ರ ಮಾರ್ಚ್ 6ರಂದು ಒಂದು ಬ್ಲ್ಯಾಕ್‌ಬರ್ಡ್ ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ಗೆ 64 ನಿಮಿಷದಲ್ಲಿ ಹಾರಿ, ಅಲ್ಲಿಯೇ ವಸ್ತುಸಂಗ್ರಹಾಲಯಕ್ಕೆ ಸೇರಿತು. ನಡುವೆ ಕೆಲವನ್ನು ಮತ್ತೆ ಹಾರಿಸಿದರೂ 1999ರ ಅಕ್ಟೋಬರಿನಲ್ಲಿ ನಾಸಾದ ಕೊನೆಯ ಹಾರಾಟದೊಂದಿಗೆ ಅವುಗಳ ಕಾಲ ಮುಗಿಯಿತು. ಬರೇಲಿಯ ಗರುಡಗಳು ಇಳಿದದ್ದು ಅದಾದ ಏಳನೇ ವರ್ಷ, 2006ರ ಮೇ ತಿಂಗಳಲ್ಲಿ. ಬಿಡಿಭಾಗ ಸಿಗುವುದು ಕಷ್ಟವಾಗಿತ್ತು, ವಿಮಾನದ ಆಯುಸ್ಸೂ ತೀರುತ್ತ ಬಂದಿತ್ತು. ಅದಕ್ಕೂ ಮಿಗಿಲಾಗಿ ಆ ಕೆಲಸಕ್ಕೆ ಬೇರೆ ಕಣ್ಣು ಸಿದ್ಧವಾಗಿತ್ತು. ಹಿಂದಿನ ವರ್ಷ, 2005ರ ಮೇ 5ರಂದು, ಇಸ್ರೋ ಕಾರ್ಟೊಸ್ಯಾಟ್-1 ಉಪಗ್ರಹವನ್ನು ಕಕ್ಷೆಗೆ ಸೇರಿಸಿತ್ತು. ನೆಲದ ಎರಡೂವರೆ ಮೀಟರ್ ಅಗಲದ ವಸ್ತುವನ್ನು ಗುರುತಿಸುವ ಆ ಉಪಗ್ರಹ ರೂಪುಗೊಂಡದ್ದು ಬೆಂಗಳೂರಿನಲ್ಲಿ, ಇಂದು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಹೆಸರು ಹೊತ್ತಿರುವ ಕೇಂದ್ರದಲ್ಲಿ.

ಇಷ್ಟು ಕಥೆ ವಿಮಾನಪ್ರಿಯರು ಬಲ್ಲರು, ಪದೇ ಪದೇ ಹೇಳಿಕೊಂಡು ಸಂತೋಷಪಡುತ್ತಾರೆ. 1997ರ ಮೇನಲ್ಲಿ ಇಸ್ಲಾಮಾಬಾದ್ ಮೇಲೆ ಗುಡುಗಿನಂಥ ಸದ್ದಾಯಿತು, ಅದು ಭಾರತದ ಮಿಗ್-25ರದೇ ಎಂದು ಪಾಕಿಸ್ತಾನ ದೂರಿತು ಎಂಬ ಪ್ರಸಂಗವಂತೂ ಎಲ್ಲರ ಬಾಯಲ್ಲಿದೆ. ಶಬ್ದವೇಗ ಮೀರಿದ ವಿಮಾನದ ಹಿಂದೆ ನೆಲಕ್ಕೆ ಬಡಿಯುವ ಆ ಸದ್ದನ್ನು ಬೆಂಗಳೂರೂ ಕೇಳಿದೆ. 2020ರ ಮೇ 20ರ ಮಧ್ಯಾಹ್ನ, ಲಾಕ್‌ಡೌನಿನ ಮೌನದಲ್ಲಿ, ಊರೆಲ್ಲ ಕಿಟಕಿ ನಡುಗಿತು. ವಾಯುಪಡೆಯ ಪರೀಕ್ಷಾರ್ಥ ಹಾರಾಟವೆಂದು ಸಂಜೆಗೆ ಗೊತ್ತಾಯಿತು. ಆದರೆ ಸದ್ದು, ವೇಗ, ಎತ್ತರ ಇವೆಲ್ಲ ನೋಟಕ್ಕೆ ಹೋಗುವ ದಾರಿ ಮಾತ್ರ. ಈ ವಿಮಾನಗಳು ಹೋಗಿ ತಂದದ್ದು ಚಿತ್ರಗಳನ್ನು. ಚಿತ್ರಗಳು ಏನಾದವು ಎಂಬ ಪ್ರಶ್ನೆಯನ್ನು ಈ ದೇಶದಲ್ಲಿ ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ಚಿತ್ರ ತಂದರೂ ನೋಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಿಗ್-25ಕ್ಕಿಂತ ಹಿಂದಿನ ಒಂದು ಸಾಕ್ಷಿ ಇದೆ. 106ನೇ ಸ್ಕ್ವಾಡ್ರನ್ನಿನ ಜಗಮೋಹನ್ ನಾಥ್ 1960ರ ದಶಕದ ಆರಂಭದಲ್ಲಿ ಕ್ಯಾನ್‌ಬೆರಾ ವೀಕ್ಷಣಾ ವಿಮಾನದಲ್ಲಿ ಅಕ್ಸಾಯ್ ಚಿನ್ ಮತ್ತು ಟಿಬೆಟ್ ಮೇಲೆ ಮತ್ತೆ ಮತ್ತೆ ಹಾರಿದರು. ಆಯುಧವಿಲ್ಲದ ವಿಮಾನ, ಕೆಳಗೆ ಹಿಮದ ಬೆಟ್ಟ. ಚೀನಾ ಹಾಕುತ್ತಿದ್ದ ರಸ್ತೆ, ಜಮಾಯಿಸುತ್ತಿದ್ದ ಸೈನ್ಯ ಎಲ್ಲವೂ ಫಿಲಂ ಮೇಲೆ ಬಂತು. 1962ರ ಯುದ್ಧದಲ್ಲಿ ಭಾರತ ತನ್ನ ಯುದ್ಧ ವಿಮಾನಗಳನ್ನು ಬಳಸಲೇ ಇಲ್ಲ. ಟಿಬೆಟಿನಲ್ಲಿ ಚೀನಾದ ವಾಯುಬಲ ಇರಲಿಲ್ಲವೆಂಬುದು ತಮ್ಮ ಹಾರಾಟಗಳಿಂದ ತಿಳಿದಿದ್ದರೂ ದಿಲ್ಲಿ ನಂಬಲಿಲ್ಲವೆಂದು ನಾಥ್ ಮುಪ್ಪಿನಲ್ಲೂ ನೋವಿನಿಂದ ಹೇಳುತ್ತಿದ್ದರು. ದೇಶ ಅವರಿಗೆ ಮಹಾವೀರ ಚಕ್ರ ಕೊಟ್ಟಿತು, 1965ರ ಯುದ್ಧದ ನಂತರ ಎರಡನೇ ಸಲವೂ ಕೊಟ್ಟಿತು. ಪದಕ ಎರಡು ಸಲ ಕೊಟ್ಟ ದೇಶ ಅವರ ಚಿತ್ರಗಳನ್ನು ಒಂದು ಸಲ ಸರಿಯಾಗಿ ನೋಡಿದ್ದರೆ ಚೆನ್ನಾಗಿತ್ತು.

ಆ ಕ್ಯಾನ್‌ಬೆರಾಗಳ ಕಥೆ ದೀರ್ಘವಾದದ್ದು. 1959ರ ಏಪ್ರಿಲ್ 10ರಂದು ಒಂದನ್ನು ರಾವಲ್ಪಿಂಡಿ ಬಳಿ ಪಾಕಿಸ್ತಾನದ ಸೇಬರ್ ವಿಮಾನ ಕೆಡವಿತು. 40 ವರ್ಷದ ನಂತರ, 1999ರ ಮೇ 21ರಂದು, ಕಾರ್ಗಿಲ್ ಮೇಲೆ ಚಿತ್ರ ತೆಗೆಯುತ್ತಿದ್ದ ಇನ್ನೊಂದಕ್ಕೆ ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿ ಬಡಿಯಿತು. ಒಂದೇ ಎಂಜಿನ್ನಿನಲ್ಲಿ ಸ್ಕ್ವಾಡ್ರನ್ ಲೀಡರ್ ಪೆರುಮಾಳ್ ಅದನ್ನು ಶ್ರೀನಗರಕ್ಕೆ ತಂದಿಳಿಸಿದರು. 2007ರ ಮೇ 11ರಂದು ಆಗ್ರಾದಲ್ಲಿ ಕ್ಯಾನ್‌ಬೆರಾಗಳಿಗೂ ವಿದಾಯ ಹೇಳಲಾಯಿತು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಆ ಜಾತಿಯ ಒಂದು ವಿಮಾನ ನಿಂತಿದೆ. ಶಾಲೆಯ ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ದಿಲ್ಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ಒಂದು ಮಿಗ್-25 ಇದೆ. ಲೋಹವನ್ನು ಉಳಿಸುವುದು ದೇಶಕ್ಕೆ ಗೊತ್ತು. ಗರುಡ ಕಂಡರೆ ಕೈಮುಗಿಯುವ ರೂಢಿ ನಮ್ಮದು. ಗರುಡ ಕಂಡದ್ದನ್ನು ಕೇಳುವ ರೂಢಿ ಬರಬೇಕಾಗಿದೆ.

ಕ್ಯಾನ್‌ಬೆರಾ ಪರದೇಶವನ್ನಷ್ಟೇ ನೋಡಲಿಲ್ಲ. ಸರ್ವೆ ಆಫ್ ಇಂಡಿಯಾಕ್ಕಾಗಿ ದೇಶದ ಒಳಗೂ ವೈಮಾನಿಕ ಚಿತ್ರ ತೆಗೆಯುವ ಕೆಲಸ ವಾಯುಪಡೆಯ ಪಾಲಿಗಿತ್ತು. ಆ ಕೆಲಸ ಮಾಡಿದ ಇನ್ನಿಬ್ಬರು ದಮ್‌ದಮ್‌ನ ಏರ್ ಸರ್ವೆ ಕಂಪನಿ ಮತ್ತು ಹೈದರಾಬಾದಿನ ದೂರಸಂವೇದಿ ಸಂಸ್ಥೆ. 1:50,000 ಅಳತೆಯ ನಕ್ಷೆಗಳು ಬಹುಪಾಲು ಇಂಥ ಚಿತ್ರಗಳಿಂದಲೇ ಮೂಡಿದವು. ವಿಮಾನ ನೇರ ಸಾಲಿನಲ್ಲಿ ಹಾರುತ್ತ, ಒಂದು ಚಿತ್ರದ ಶೇ 60ರಷ್ಟು ಭಾಗ ಮುಂದಿನ ಚಿತ್ರದಲ್ಲಿ ಮತ್ತೆ ಬರುವಂತೆ, ಕ್ಲಿಕ್ಕಿಸುತ್ತ ಹೋಗುತ್ತದೆ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪಿನ ಜೋಡಿ ಮಸೂರದಲ್ಲಿಟ್ಟು ನೋಡಿದರೆ ಬಯಲು ಎದ್ದು ನಿಲ್ಲುತ್ತದೆ. ಗುಡ್ಡ ಉಬ್ಬುತ್ತದೆ, ಹಳ್ಳ ತಗ್ಗಾಗುತ್ತದೆ, ಕೆರೆಯ ಏರಿ ಗೋಡೆಯಂತೆ ಕಾಣುತ್ತದೆ.

ಈಗ ಬಿಳಿಚೋಡಿಗೆ ಬರಬಹುದು.

ಜಗಳೂರು ತಾಲ್ಲೂಕಿನಲ್ಲಿ ಜಮೀನಿನ ತಕರಾರು ಎದ್ದರೆ ಈಗ ಮೊದಲು ಹೊರಬರುವುದು ಮೊಬೈಲ್. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡುತ್ತಾರೆ. ಉಪಗ್ರಹ ಕೊಟ್ಟ ಚಿತ್ರದ ಮೇಲೆ ಗ್ರಾಮ ನಕಾಶೆಯ ಗೆರೆ. ಆಮೇಲೆ ಪಹಣಿ, ಟಿಪ್ಪಣಿ, ಆಕಾರ್‌ಬಂದ್, ಕೊನೆಗೆ ಸರ್ವೆಯರ್ ಬಂದು ಬಾಂದುಕಲ್ಲು ಹುಡುಕುವುದು. ಇಬ್ಬರು ರೈತರ ನಡುವಿನ ಜಗಳವಾದರೆ ಇದು ಹೇಗೋ ಬಗೆಹರಿಯುತ್ತದೆ. ಕೆರೆಯ ಅಂಗಳದ ಪ್ರಶ್ನೆ ಬಂದಾಗ ಕಷ್ಟ. ನಕಾಶೆಯಲ್ಲಿ ಕೆರೆ ಎಂದು ಬರೆದ ಕಡೆ ಮೆಕ್ಕೆಜೋಳ ನಿಂತಿರುತ್ತದೆ. ಕೆರೆಗೆ ನೀರು ತರುವ ಹಳ್ಳ ನಕಾಶೆಯಲ್ಲಿ ಒಂದು ಗೆರೆ, ನೆಲದ ಮೇಲೆ ಎಲ್ಲಿಯೂ ಇಲ್ಲ. ಯಾವಾಗ ಮುಚ್ಚಿತು, ಯಾವ ದಿಕ್ಕಿನಿಂದ ಬರುತ್ತಿತ್ತು, ಕೋಡಿ ಬಿದ್ದ ನೀರು ಮುಂದಿನ ಯಾವ ಕೆರೆಗೆ ಹೋಗುತ್ತಿತ್ತು? ನಕಾಶೆ ಇದಕ್ಕೆ ಉತ್ತರ ಕೊಡುವುದಿಲ್ಲ. ಅಂಗಳ ಅಳೆದವರು ಬರೆದದ್ದು ಸರಹದ್ದನ್ನು, ನೀರಿನ ನಡೆಯನ್ನಲ್ಲ.

ಬರದ ತಾಲ್ಲೂಕಿಗೆ ಇದು ಅನ್ನದ ಪ್ರಶ್ನೆ. ಹರಿಹರದ ಕಡೆಯಿಂದ ತುಂಗಭದ್ರೆಯ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದಿದ್ದಾರೆ, ಹೋರಾಡಿದ್ದಾರೆ. ಸಿರಿಗೆರೆಯ ತರಳಬಾಳು ಮಠ ಅದರ ಬೆನ್ನಿಗೆ ನಿಂತಿತು. ಪೈಪಿನಲ್ಲಿ ಬಂದ ನೀರು ಒಂದು ಕೆರೆಯಿಂದ ಇನ್ನೊಂದಕ್ಕೆ ತಾನೇ ಹರಿದು ಹೋಗಬೇಕಾದರೆ ಹಳೆಯ ಹಳ್ಳಗಳು ಬೇಕು. ಹಿಂದಿನವರು ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ, ಸರಪಳಿಯಾಗಿ ಕಟ್ಟಿದರು. ಪಕ್ಕದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಈ ಸೀಮೆ ಇಂದಿಗೂ ನೆನೆಯುವುದು ಪವಾಡಕ್ಕೆ ಎಷ್ಟೋ ಅಷ್ಟೇ ಕೆರೆ ಕಟ್ಟಿಸಿದ್ದಕ್ಕೆ. 1960, 70ರ ದಶಕದ ಒಂದು ಜೋಡಿ ವೈಮಾನಿಕ ಚಿತ್ರ ಸಿಕ್ಕರೆ ಆ ಸರಪಳಿಯ ಕೊಂಡಿಗಳು ಕಣ್ಣಿಗೆ ಕಾಣುತ್ತವೆ. ಆ ಹೊತ್ತಿಗೆ ಕೊಳವೆಬಾವಿಯ ಕಾಲ ಇನ್ನೂ ಪೂರ್ತಿ ಬಂದಿರಲಿಲ್ಲ, ಕೆರೆಗಳು ಬದುಕಿದ್ದವು.

ಇದು ಬರೀ ಆಸೆಯಲ್ಲ, ಬೇರೆಡೆ ನಡೆದಿರುವುದು. ಅಮೆರಿಕ 1995ರ ಫೆಬ್ರುವರಿಯಲ್ಲಿ ತನ್ನ ಕೊರೊನಾ ಗೂಢಚಾರ ಉಪಗ್ರಹಗಳ 8.6 ಲಕ್ಷ ಚಿತ್ರಗಳನ್ನು ಸಾರ್ವಜನಿಕರಿಗೆ ತೆರೆಯಿತು. 1997ರಲ್ಲಿ ಯು-2 ವಿಮಾನದ ಹಳೆಯ ಫಿಲಂಗಳೂ ರಹಸ್ಯದ ಪಟ್ಟಿಯಿಂದ ಹೊರಬಂದವು. ಅವಕ್ಕೆ ಸೂಚಿಯೂ ಇರಲಿಲ್ಲ, ಹಲವು ವರ್ಷ ಯಾರೂ ಮುಟ್ಟಲಿಲ್ಲ. ಎಮಿಲಿ ಹ್ಯಾಮರ್ ಮತ್ತು ಜೇಸನ್ ಉರ್ ಎಂಬ ಇಬ್ಬರು ಪುರಾತತ್ವ ತಜ್ಞರು ಆ ಸುರುಳಿಗಳನ್ನು ದೀಪದ ಮೇಜಿನ ಮೇಲೆ ಗಜಗಟ್ಟಲೆ ಬಿಚ್ಚಿ, ಒಂದೊಂದೇ ಚೌಕವನ್ನು ಕ್ಯಾಮೆರಾದಲ್ಲಿ ಮತ್ತೆ ಹಿಡಿದರು. 2019ರಲ್ಲಿ ಅವರು ಪ್ರಕಟಿಸಿದ ಕೆಲಸದಲ್ಲಿ ಇರಾಕಿನ ಪ್ರಾಚೀನ ಅಸ್ಸೀರಿಯದ ಕಾಲುವೆಗಳಿವೆ, ಜೋರ್ಡಾನಿನ ಮರುಭೂಮಿಯಲ್ಲಿ ಬೇಟೆಗಾಗಿ ಕಟ್ಟಿದ ಕಲ್ಲಿನ ಆವರಣಗಳಿವೆ, ಈಗ ಬತ್ತಿಹೋದ ದಕ್ಷಿಣ ಇರಾಕಿನ ಜೌಗಿನಲ್ಲಿ ಬದುಕಿದ್ದ ಹಳ್ಳಿಗಳಿವೆ. ಕ್ಷಿಪಣಿ ಹುಡುಕಲು ಹೋದ ವಿಮಾನ ಕಾಲುವೆ ಹಿಡಿದು ತಂದಿತ್ತು.

ಅದೇ ವರ್ಷ ಜೋಷುವಾ ಮೌರರ್ ಮತ್ತು ಸಂಗಡಿಗರು ಶೀತಲ ಸಮರದ ಕಾಲದ ಗೂಢಚಾರ ಉಪಗ್ರಹ ಚಿತ್ರಗಳನ್ನು ಇಂದಿನ ಚಿತ್ರಗಳ ಪಕ್ಕ ಇಟ್ಟು ಹಿಮಾಲಯದ 650 ಹಿಮನದಿಗಳನ್ನು ಅಳೆದರು. 2000ದ ನಂತರ ಹಿಮ ಕರಗುವ ವೇಗ ಅದಕ್ಕೂ ಹಿಂದಿನದರ ಎರಡು ಪಟ್ಟಾಗಿದೆ ಎಂಬುದು ಅವರ ಲೆಕ್ಕ. ಭಾರತದ ಹಿಮ ಎಷ್ಟು ಕರಗಿತೆಂದು ತಿಳಿಯಲು ಅಮೆರಿಕದ ಹಳೆಯ ಫಿಲಂ ಬೇಕಾಯಿತು. ಇನ್ನೊಂದು ಉದಾಹರಣೆ ಇದಕ್ಕಿಂತ ಚುಚ್ಚುವಂಥದ್ದು. 1962ರ ಯುದ್ಧದ ನಂತರ ಚೀನಾ ಗಡಿಯ ಮೇಲೆ ಯು-2 ಹಾರಲು ನೆಹರೂ ಒಪ್ಪಿದ್ದರು, ಒಡಿಶಾದ ಚಾರ್ಬಾಟಿಯಾ ನೆಲೆಯಿಂದ 1964ರಲ್ಲಿ ಯು-2 ಹಾರಿತು ಎಂಬ ವಿವರಗಳು 2013ರಲ್ಲಿ ಬೆಳಕಿಗೆ ಬಂದವು. ಬಂದದ್ದು ಸಿಐಎ ಬಿಡುಗಡೆ ಮಾಡಿದ ಕಡತದಿಂದ. ತನ್ನದೇ ನೆಲದ ರನ್‌ವೇಯ ಇತಿಹಾಸವನ್ನು ಭಾರತದ ಓದುಗ ವಾಷಿಂಗ್ಟನ್ನಿನಿಂದ ತಿಳಿದುಕೊಂಡ.

ಹಳೆಯ ವೀಕ್ಷಣಾ ವಿಮಾನಕ್ಕೆ ಹೊಸ ಜೀವ ಕೊಟ್ಟ ದೇಶಗಳೂ ಇವೆ. ಯು-2ರ ವಂಶದ ನಾಸಾ ವಿಮಾನ 1987ರಲ್ಲಿ ದಕ್ಷಿಣ ಧ್ರುವದ ಓಜೋನ್ ಪದರದ ಗಾಯವನ್ನು ಅಳೆಯಿತು. ಗೂಢಚರ್ಯೆಯ ವಂಶದಲ್ಲೇ ಹುಟ್ಟಿದ ರಷ್ಯಾದ ಎಂ-55 ಎತ್ತರದ ವಿಮಾನ, ನಿಧಾನಿಯಾದರೂ, 2017ರ ಜುಲೈ ಮತ್ತು ಆಗಸ್ಟಿನಲ್ಲಿ ಕಠ್ಮಂಡುವಿನಿಂದ ಹಾರಿ ಮುಂಗಾರು ಮೋಡಗಳ ನೆತ್ತಿಯ ಗಾಳಿಯನ್ನು ಪರೀಕ್ಷಿಸಿತು. ಅದು ಅಳೆದದ್ದು ಈ ಉಪಖಂಡದ ಮಳೆಯ ಮೇಲಣ ಆಕಾಶವನ್ನು. ಜಗಳೂರಿನ ಶೇಂಗಾ ಬೆಳೆಗಾರನಿಗೂ ಅದಕ್ಕೂ ಸಂಬಂಧ ಇದೆ.

ಭದ್ರತೆಯ ಮಾತು ಬರುತ್ತದೆ. ಬರಲೇಬೇಕು, ಅದು ಹಗುರವಾದ ಮಾತಲ್ಲ. ಮಿಗ್-25 ನೆರೆದೇಶಗಳ ಮೇಲೆ ಏನು ಕಂಡಿತು, ಎಲ್ಲಿಯವರೆಗೆ ಹೋಯಿತು ಎಂಬುದರಲ್ಲಿ ಕೆಲವನ್ನು ಇನ್ನೂ ಮುಚ್ಚಿಡಬೇಕಾದ ಕಾರಣಗಳಿರಬಹುದು. ಗಡಿ, ಅಣೆಕಟ್ಟು, ಸೈನಿಕ ನೆಲೆ ಇರುವ ಚಿತ್ರಗಳನ್ನು ತೆಗೆದಿಡಲಿ. ಆದರೆ ಬಿಳಿಚೋಡಿನ ಹಳ್ಳ 50 ವರ್ಷದ ಹಿಂದೆ ಎಲ್ಲಿ ಹರಿಯುತ್ತಿತ್ತು ಎಂಬುದರಲ್ಲಿ ಶತ್ರುವಿಗೆ ಸಿಗುವುದೇನು? ಇವತ್ತು ಯಾರ ಮೊಬೈಲಿನಲ್ಲಾದರೂ ಅದೇ ಹೊಲದ ಮೇಲಿನ ಬಣವೆ ಕೂಡ ಕಾಣುತ್ತದೆ. ಇಂದಿನದನ್ನು ಜಗತ್ತಿಗೆಲ್ಲ ತೆರೆದಿಟ್ಟು ನಿನ್ನೆಯದನ್ನು ಊರಿನವರಿಂದಲೇ ಮುಚ್ಚಿಡುವುದಕ್ಕೆ ಅರ್ಥವಿಲ್ಲ.

ಕಾನೂನು ಕೂಡ ಇದರ ಪರವಾಗಿದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ, 1997ರ ನಿಯಮಗಳು 25 ವರ್ಷ ದಾಟಿದ ದಾಖಲೆಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುವ ದಾರಿ ಹಾಕಿವೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಯುದ್ಧ ಮತ್ತು ಕಾರ್ಯಾಚರಣೆಗಳ ಇತಿಹಾಸ ಬರೆಸುವ, ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದಲ್ಲಿ ಬಿಡುಗಡೆ ಮಾಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಫೆಬ್ರುವರಿ 15ರಂದು ನಕ್ಷೆಗಳ ಮೇಲಿನ ಹಳೆಯ ನಿರ್ಬಂಧಗಳನ್ನು ಸಡಿಲಿಸಲಾಯಿತು. 25 ವರ್ಷದ ಲೆಕ್ಕ ಹಿಡಿದರೆ ಕ್ಯಾನ್‌ಬೆರಾದ ಬಹುಪಾಲು ಬದುಕೂ ಗರುಡದ ಹೆಚ್ಚಿನ ಹಾರಾಟಗಳೂ ಅದರೊಳಗೆ ಬರುತ್ತವೆ. ಕಾಗದದ ಮೇಲೆ ಬಾಗಿಲು ತೆರೆದಿದೆ. ಹಳೆಯ ಫಿಲಂ ಡಬ್ಬಿಗಳವರೆಗೆ ಅದರ ಬೆಳಕು ಹೋಗಬೇಕು. ಗುಜರಿಯಾಗಿ ತೂಕಕ್ಕೆ ಹೋಗುವ ಅಪಾಯ ವಿಮಾನಕ್ಕಿಂತ ಫಿಲಮ್ಮಿಗೆ ಹೆಚ್ಚು, ಏಕೆಂದರೆ ಫಿಲಮ್ಮಿನ ಮುಂದೆ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಈ ಬೇಡಿಕೆ ಇಡಲು ಈ ಸೀಮೆಗೆ ಹೆಚ್ಚಿನ ಹಕ್ಕು ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲು ತಲೆತಲಾಂತರದಿಂದ ದನ, ಕುರಿ ಮೇಯ್ದ ಬಯಲು. ಅದರಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಬಿಎಆರ್‌ಸಿ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತಿತರರಿಗೆ ಹೋಯಿತು. ದೊಡ್ಡ ಉಳ್ಳಾರ್ತಿ, ಖುದಾಪುರದಂಥ ಊರುಗಳವರು ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕೊನೆಗೆ ಬೇಲಿ ಬಂತು. ದೇಶದ ಕಣ್ಣಿಗಾಗಿ ತನ್ನ ಗೋಮಾಳ ಬಿಟ್ಟುಕೊಟ್ಟ ಜನಕ್ಕೆ ಆ ಕಣ್ಣು ಕಂಡದ್ದರಲ್ಲಿ ಒಂದು ಪಾಲು ಸಲ್ಲಬೇಕು. ಇದು ಉಪಕಾರದ ಮಾತಲ್ಲ, ಲೆಕ್ಕದ ಮಾತು.

ತಪಸ್ ಅಲ್ಲಿಂದ ನೂರಾರು ಸಲ ಹಾರಿದೆ. 2023ರ ಜೂನ್ 16ರಂದು ಕಾರವಾರದಿಂದ 285 ಕಿ.ಮೀ. ದೂರದ ಆ ನೆಲದಿಂದ ಎದ್ದು ಹೋದಾಗ ಸಮುದ್ರದಲ್ಲಿದ್ದ ನೌಕಾಪಡೆಯ ಐಎನ್‌ಎಸ್ ಸುಭದ್ರಾ ಹಡಗು 40 ನಿಮಿಷ ಅದರ ಲಗಾಮು ಹಿಡಿಯಿತು. ಎರಡು ತಿಂಗಳ ನಂತರ, ಆಗಸ್ಟ್ 20ರಂದು, ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ಇನ್ನೊಂದು ತಪಸ್ ಬಿತ್ತು. 30,000 ಅಡಿ ಎತ್ತರ, ಸತತ 24 ಗಂಟೆ ಹಾರಾಟ ಎಂಬ ಸೇನೆಯ ಗುರಿಯನ್ನು ಅದು ಮುಟ್ಟಲಿಲ್ಲ, 2024ರ ಆರಂಭದಲ್ಲಿ ತುರ್ತು ಯೋಜನೆಗಳ ಪಟ್ಟಿಯಿಂದ ಅದನ್ನು ತೆಗೆಯಲಾಯಿತು. ಮೊಮ್ಮಗ ಅಜ್ಜನಷ್ಟು ಎತ್ತರ ಏರಲಿಲ್ಲ ನಿಜ. ಆದರೆ ಅದನ್ನು ಕಟ್ಟಿದ ಬೆಂಗಳೂರಿನ ಎಂಜಿನಿಯರುಗಳು ಕಲಿತದ್ದು ಎಲ್ಲಿಯೂ ಹೋಗುವುದಿಲ್ಲ. ರುಸ್ತುಂ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಗುರ ವಿಮಾನದಿಂದ ಮೊದಲ ರುಸ್ತುಂ ಬೆಳೆಯಿತು. ಅದಕ್ಕಾಗಿ ದುಡಿದ ರುಸ್ತುಂ ದಮಾನಿಯಾ ಅವರ ಹೆಸರನ್ನೇ ವಿಮಾನಕ್ಕಿಟ್ಟರು. ಮುಂದೆ ಬರುವ ಯಂತ್ರಗಳೂ ಈ ಬಯಲಿನ ಮೇಲೆ ಹಾರುತ್ತವೆ, ಕ್ಯಾಮೆರಾ ಪರೀಕ್ಷೆಗೆಂದು ಇದೇ ಕೆರೆ, ಇದೇ ಹಳ್ಳ, ಇದೇ ರಂಗಯ್ಯನದುರ್ಗದ ಕೊಂಡುಕುರಿ ಕಾಡಿನ ಅಂಚನ್ನು ಹಿಡಿಯುತ್ತವೆ. ಆ ಪರೀಕ್ಷಾ ಚಿತ್ರಗಳಲ್ಲಿ ರಹಸ್ಯವಲ್ಲದ್ದನ್ನು ವರ್ಷಕ್ಕೊಮ್ಮೆ ರಾಜ್ಯದ ದೂರಸಂವೇದಿ ಕೇಂದ್ರಕ್ಕೆ ಕೊಟ್ಟರೆ 30 ವರ್ಷದ ನಂತರ ಯಾರೂ ಹೀಗೆ ಬೇಡಬೇಕಾಗಿರುವುದಿಲ್ಲ.

ಹಳೆಯ ಫಿಲಮ್ಮಿಗೆ ಮಾತ್ರ 30 ವರ್ಷ ಕಾಯುವ ಶಕ್ತಿ ಇಲ್ಲ. ಅಸಿಟೇಟ್ ಫಿಲಂ ಕೆಡಲು ಹತ್ತಿದಾಗ ಡಬ್ಬಿಯಿಂದ ವಿನೆಗರಿನ ಹುಳಿ ವಾಸನೆ ಬರುತ್ತದೆ, ಆಮೇಲೆ ಸುರುಳಿ ಮುದುರುತ್ತದೆ, ಮೇಲಿನ ಪದರ ಏಳುತ್ತದೆ. ನಮ್ಮ ಸೆಖೆ, ತೇವದಲ್ಲಿ ಅದು ಇನ್ನೂ ಬೇಗ. ಸ್ಕ್ಯಾನ್ ಮಾಡಿಡುವ ಕೆಲಸವನ್ನು ಇಡೀ ದೇಶಕ್ಕೆ ಒಟ್ಟಿಗೇ ಹಿಡಿಯಲಾಗದಿದ್ದರೆ ಒಂದು ತಾಲ್ಲೂಕಿನಿಂದ ಶುರುವಾಗಲಿ, ಆ ತಾಲ್ಲೂಕು ಜಗಳೂರಾಗಲಿ. 57 ಕೆರೆಗಳ ಪಟ್ಟಿ ಸಿದ್ಧವಿದೆ, ಗ್ರಾಮ ನಕಾಶೆಗಳಿವೆ, ಸರ್ವೆ ಆಫ್ ಇಂಡಿಯಾದ ಕಚೇರಿ ಬೆಂಗಳೂರಿನಲ್ಲೇ ಇದೆ. ಬಿಳಿಚೋಡು ಹೋಬಳಿಯ ಚಿತ್ರಗಳನ್ನು ಹಿಗ್ಗಿಸಿ ಮುದ್ರಿಸಿ ಗ್ರಾಮ ಪಂಚಾಯಿತಿಯ ಮೇಜಿನ ಮೇಲೆ ಹರಡಿದರೆ ಅದನ್ನು ಓದಲು ಬಲ್ಲವರು ಊರಿನಲ್ಲೇ ಇದ್ದಾರೆ. ತೂಬು ಎತ್ತಿ ಗದ್ದೆಗೆ ನೀರು ಬಿಟ್ಟ ನೀರಗಂಟಿಗಳು, ಕೋಡಿ ಬಿದ್ದ ವರ್ಷ ಹಳ್ಳದಲ್ಲಿ ಈಜಿದವರು, ಏರಿಯ ಮೇಲೆ ದನ ಹೊಡೆದುಕೊಂಡು ಹೋದವರು. ಅವರಿಗೆಲ್ಲ ಈಗ 70 ದಾಟಿದೆ. ಆ ಚಿತ್ರದ ಮಸುಕು ಗೆರೆಯೊಂದರ ಮೇಲೆ ಬೆರಳಿಟ್ಟು, ಇದು ಇಂಥ ಹಳ್ಳ, ಇಲ್ಲಿ ಇಂಥವರ ಹೊಲದ ಬದುವಿನ ಪಕ್ಕ ತಿರುಗುತ್ತಿತ್ತು ಎಂದು ಹೇಳಬಲ್ಲವರು ಅವರೇ. ಡಬ್ಬಿ ತೆರೆಯುವುದು ಅವರು ಇರುವಾಗಲೇ ಆಗಬೇಕು.